ತೊಳೆದು ನೋಡದ ಹಳದಿ ಕಾಲು

ಕಳೆದ ತಿಂಗಳು ಹೊಸ ಅರಣ್ಯ ರಕ್ಷಕರ ತರಬೇತಿಗೆ ನನ್ನನ್ನು ಮಾತಾಡಲು ಕರೆದಿದ್ದರು. ಹೋದೆ, ಮಾತಾಡಿದೆ, ಚಪ್ಪಾಳೆ ಬಿತ್ತು, ಶಾಲು ಹೊದಿಸಿದರು, ಮನೆಗೆ ಬಂದೆ. ಅವತ್ತಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಪೇಪರ್ ಹಿಡಿದರೆ ಎರಡು ಸಾಲು ಓದುವುದರೊಳಗೆ ಎದ್ದು ಅಂಗಳಕ್ಕೆ ಹೋಗುತ್ತೇನೆ. ಅಂಗಳದಲ್ಲಿ ಕೆಲಸವೇನೂ ಇಲ್ಲ, ಮತ್ತೆ ಒಳಗೆ ಬರುತ್ತೇನೆ. ನನ್ನ ಹೆಂಡತಿ ಸಾವಿತ್ರಿ, "ನಿಮಗೆಂತ ಇರುವೆ ಕಚ್ತಾ ಇದ್ದಾ?" ಎಂದು ಕೇಳಿ ಸಾಕಾಗಿ ಸುಮ್ಮನಾಗಿದ್ದಾಳೆ.

ಆಗಿದ್ದು ಇಷ್ಟು. ಅಲ್ಲಿ ನಾನು ಎಂದಿನಂತೆ ನನ್ನ ಹಳೇ ಕತೆ ಹೇಳಿದೆ. ಕಾಡು ಕಾಯುವ ನಮ್ಮದೇ ವಾಚರ್ ನಾರಾಯಣ ಗೌಡ ಕಾಡುಹಕ್ಕಿ ಹೊಡೆದಿದ್ದು, ಪುಕ್ಕ, ತಲೆ ಏನೂ ಸಿಗದಿದ್ದರೂ ನಾನು ಬರೀ ಕಾಲಿನ ಹಳದಿ ಬಣ್ಣ ನೋಡಿ ಅವನನ್ನು ಹಿಡಿದಿದ್ದು. ಈ ಕತೆಗೆ ಎಲ್ಲ ಕಡೆ ಚಪ್ಪಾಳೆ ಬೀಳುತ್ತದೆ. ಅವತ್ತೂ ಬಿತ್ತು. ಆಮೇಲೆ ಬನವಾಸಿ ಕಡೆಯ ಒಬ್ಬ ಹುಡುಗಿ, ಈ ಸಲ ಆಯ್ಕೆಯಾದವಳು, ಎದ್ದು ನಿಂತಳು.

"ಸರ, ನಮ್ಮ ಕಡೆ ಹಕ್ಕಿ ಸುಟ್ಟ ಮ್ಯಾಲೆ ಅರಿಶಿಣ ಹಚ್ತಾರ್ರಿ. ಕಾಲೂ ಹಳದಿ ಆಗ್ತಾವ. ನೀವು ತೊಳದು ನೋಡಿದ್ರೇನ್ರಿ?"

"ನೋಡದೇ ಇರ್ತೇನಾ? ತೊಳೆದು ನೋಡಿದ್ದೆ. ಅಷ್ಟೂ ಗೊತ್ತಾಗೋದಿಲ್ವಾ ನಮಗೆ?" ಎಂದೆ. ಎಲ್ಲರೂ ನಕ್ಕರು. ಆ ಹುಡುಗಿ ಮುಖ ಕೆಂಪಗೆ ಮಾಡಿಕೊಂಡು ಕೂತಳು.

ನಾನು ಹೇಳಿದ್ದು ಸುಳ್ಳು. ತೊಳೆದು ನೋಡಿರಲಿಲ್ಲ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಬಡ್ತಿ, ಭತ್ಯೆ, ಸೇವಾ ಪುಸ್ತಕದ ವಿಷಯ ಹೇಳಲು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳಬೇಕಾದದ್ದು ಬೇರೆ. ಅಲ್ಲಿ ಹೇಳಲಿಲ್ಲ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನಾನು ಭೈರುಂಬೆ ಕಡೆಯವ. ಮನೆಯಲ್ಲಿ ಅಣ್ಣತಮ್ಮಂದಿರು ಹೆಚ್ಚು, ತೋಟ ಚಿಕ್ಕದು, ಹಾಗಾಗಿ ಗಾರ್ಡ್ ಕೆಲಸಕ್ಕೆ ಅರ್ಜಿ ಹಾಕಿದೆ. ಆಗ ನಮ್ಮ ಕೇರಿಯಲ್ಲಿ ಅದೊಂದು ತಮಾಷೆ. "ಹೆಗಡೇರ ಮಾಣಿ ಕಾಡು ಕಾಯಲೆ ಹೊಂಟ" ಎಂದು ನಗುತ್ತಿದ್ದರು. ಮೊದಲ ನೇಮಕ ಯಲ್ಲಾಪುರ ತಾಲೂಕಿನಲ್ಲಿ, ಇಡಗುಂದಿಯಿಂದ ಮಾಗೋಡಿನವರೆಗಿನ ಕಾಡು. ಮರದ ಹೆಸರು ಗೊತ್ತಿತ್ತು, ಹಕ್ಕಿಯ ಹೆಸರು ಗೊತ್ತಿರಲಿಲ್ಲ. ಕಾಗೆ, ಗಿಳಿ, ಕೊಕ್ಕರೆ ಬಿಟ್ಟರೆ ಉಳಿದದ್ದೆಲ್ಲ ನನಗೆ ಹಕ್ಕಿ ಅಷ್ಟೆ.

ಕಲಿಸಿದವರು ಫಾರೆಸ್ಟರ್ ಗಾಂವ್ಕರರು. ಅಂಕೋಲೆಯವರು, ಮೀನಿಲ್ಲದ ಊಟಕ್ಕೆ ಮುಖ ಸಿಂಡರಿಸುವ ಮನುಷ್ಯ, ಬಾಯಿ ಜೋರು. ನಾನು ಆಕಾಶ ನೋಡುತ್ತ ನಡೆದರೆ ಬೆನ್ನಿಗೆ ಗುದ್ದುತ್ತಿದ್ದರು. "ಹಕ್ಕಿಯ ಬಣ್ಣ ನೋಡಿ ಕವಿತೆ ಬರೀಲಿಕ್ಕೆ ಬಂದಿದ್ದೀಯಾ? ಕಾಲು ನೋಡು. ಹೊಡೆದವ ಪುಕ್ಕ ಸುಡ್ತಾನೆ, ತಲೆ ಬಿಸಾಕ್ತಾನೆ. ಪಾತ್ರೆಯಲ್ಲಿ ಉಳಿಯೋದು ಕಾಲು." ಒಂದು ಗೋಳಿಮರದ ಕೆಳಗೆ ನಿಲ್ಲಿಸಿ ತೋರಿಸಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಮರದ ತುಂಬ ಹಸಿರು ಪಾರಿವಾಳ, ಎಲೆ ಯಾವುದು ಹಕ್ಕಿ ಯಾವುದು ತಿಳಿಯದು. "ಕೆಂಪು ಕಾಲಿನದು ಒಂದು ಜಾತಿ, ದಟ್ಟ ಕಾಡಿನದು. ಹಳದಿ ಕಾಲಿನದು ಇನ್ನೊಂದು, ಮೂಡಣ ಕಡೆಯ ತೆಳು ಕಾಡಿನದು. ಇಲ್ಲಿ ಎರಡೂ ಬರ್ತದೆ." ನಾನು ಕತ್ತು ನೋಯುವವರೆಗೆ ನೋಡಿ ಹಳದಿ ಕಾಲು ಹುಡುಕಿದೆ. ಸಿಕ್ಕಾಗ ಆದ ಖುಷಿ ಮೊದಲ ಸಂಬಳದ ದಿನವೂ ಆಗಿರಲಿಲ್ಲ.

ಆಮೇಲೆ ನನಗೆ ಹಳದಿ ಕಾಲಿನ ಹುಚ್ಚೇ ಹಿಡಿಯಿತು. ಗೊರವಂಕದ ಕಾಲು ಹಳದಿ, ಗಿಡುಗದ ಕಾಲು ಹಳದಿ, ಹಾವು ಹಿಡಿಯುವ ಹದ್ದಿನ ಕಾಲು ಹಳದಿ. ಪುಸ್ತಕದಲ್ಲಿ ಪಟ್ಟಿ ಮಾಡಿದೆ. ಊಟಕ್ಕೆ ಕೂತಾಗಲೂ ಅದೇ ಮಾತು. ಸಾವಿತ್ರಿಗೆ ತಲೆಚಿಟ್ಟು ಹಿಡಿಯಿತು.

ಆ ಹೊತ್ತಿಗೆ ಕಡಲ ಹಕ್ಕಿಯ ಪ್ರಕರಣ ಬಂತು. ಅಂಕೋಲೆಯಿಂದ ಹುಬ್ಬಳ್ಳಿಗೆ ಹೋಗುವ ಮೀನಿನ ಲಾರಿಗಳು ಅರಬೈಲ್ ಘಟ್ಟ ಹತ್ತಿ ಇಡಗುಂದಿಯಲ್ಲಿ ಚಹಾಕ್ಕೆ ನಿಲ್ಲುತ್ತವೆ. ಒಂದು ಬೆಳಿಗ್ಗೆ ಚಹಾ ಅಂಗಡಿಯವ ಓಡಿ ಬಂದ. ಲಾರಿಯ ಟಾರ್ಪಾಲಿನ ಮೇಲೆ ದೊಡ್ಡ ಬಿಳಿ ಹಕ್ಕಿ ಕೂತಿದೆ, ಇಳಿಯುತ್ತಿಲ್ಲ, ಹತ್ತಿರ ಹೋದವರನ್ನು ಕುಕ್ಕುತ್ತಿದೆ. ಹೋಗಿ ನೋಡಿದರೆ ಬಾತುಕೋಳಿಯಷ್ಟು ದಪ್ಪ, ಬೂದು ರೆಕ್ಕೆ, ಜಾಲಪಾದ, ಕಾಲು ಹಳದಿ. ಒಂದು ರೆಕ್ಕೆ ಜೋತುಬಿದ್ದಿತ್ತು. ಮೀನಿನ ಆಸೆಗೆ ಲಾರಿ ಹತ್ತಿ ಘಟ್ಟದ ಮೇಲಕ್ಕೆ ಬಂದುಬಿಟ್ಟಿತ್ತು.

ಕಚೇರಿಗೆ ತಂದು ಬುಟ್ಟಿ ಮುಚ್ಚಿಟ್ಟೆ. ಆಗಿನ ವಲಯದ ಸಾಹೇಬರು ಕಟ್ಟಾ ಸಸ್ಯಾಹಾರಿ. "ಬಾಳೆಹಣ್ಣು ಕೊಡಿ, ಮಂಡಕ್ಕಿ ಕೊಡಿ" ಎಂದರು. ನಾನೂ ಅಂಥದೇ ಮನೆಯಿಂದ ಬಂದವ, ಅದೇ ಸರಿ ಅನ್ನಿಸಿತು. ಇಡೀ ದಿನ ಅದರ ಮುಂದೆ ಬಾಳೆಹಣ್ಣು ಹಿಡಿದು ಕೂತೆ. ಅದು ಬಾಳೆಹಣ್ಣಿನ ಬದಲು ನನ್ನ ಹೆಬ್ಬೆರಳು ಹಿಡಿಯಿತು. ಸಂಜೆ ಗಾಂವ್ಕರರು ಬಂದು ನಕ್ಕು ನಕ್ಕು ಸುಸ್ತಾದರು. ಬಂಗುಡೆ ಮೀನು ತರಿಸಿ ಎಸೆದರು, ಹಕ್ಕಿ ಒಂದೇ ಗುಟುಕಿಗೆ ನುಂಗಿತು. "ಇದು ನಮ್ಮ ಬಂದರದ ಹಕ್ಕಿ ಮಾರಾಯ. ಮರಿ ಇದ್ದಾಗ ಇದರ ಕಾಲಿಗೆ ಈ ಹಳದಿ ಇಲ್ಲ, ಬಣ್ಣಗೆಟ್ಟ ಮಾಂಸದ ಹಾಗಿರ್ತದೆ. ವರ್ಷ ಹೋದ ಹಾಗೆ ಹಳದಿ ಬರ್ತದೆ. ಕಾಲು ಮೊದಲು ನೋಡು ಅಂದೆ, ಕಾಲು ಮಾತ್ರ ನೋಡು ಅನ್ನಲಿಲ್ಲ." ರೆಕ್ಕೆ ಸರಿಯಾದ ಮೇಲೆ ಹಕ್ಕಿಯನ್ನು ಅದೇ ಲಾರಿಯವನ ಜೊತೆ ಕೆಳಗೆ ಕಳಿಸಿದೆವು. ನನ್ನ ತಲೆಯಲ್ಲಿ ಉಳಿದದ್ದು ಬಂಗುಡೆಯ ತಮಾಷೆ. ಗಾಂವ್ಕರರ ಕೊನೆಯ ಮಾತು ಉಳಿಯಲಿಲ್ಲ.

ಇಷ್ಟು ಬರೆದು ಎದ್ದು ಹೋಗಿ ಬೇಲಿಯ ಬಾಗಿಲು, ದಣಪೆಯವರೆಗೆ ನಡೆದು ಬಂದೆ. ಮುಂದಿನದು ಬರೆಯಲು ಕೈ ಬರುತ್ತಿಲ್ಲ.

ನಾರಾಯಣ ಗೌಡ ನನ್ನ ಜೊತೆ ಏಳು ವರ್ಷ ಕಾಡು ತಿರುಗಿದವ. ದಿನಗೂಲಿ ವಾಚರ್, ಮಾಗೋಡಿನ ಹತ್ತಿರ ಮನೆ. ನನಗಿಂತ ನಾಲ್ಕೈದು ವರ್ಷ ಚಿಕ್ಕವ. ನಾನು ಪುಸ್ತಕ ತೆರೆಯುವುದರೊಳಗೆ ಅವನು ಹಕ್ಕಿ ತೋರಿಸಿ ಆಗಿರುತ್ತಿತ್ತು. ಒಮ್ಮೆ ಹುಲ್ಲಿನ ಬೇಣದಲ್ಲಿ ಅಕೇಶಿಯಾ ನೆಡಲು ಗುಂಡಿ ತೆಗೆಸುತ್ತಿದ್ದೆವು. ಒಂದು ಜೊತೆ ಟಿಟ್ಟಿಭ ತಲೆಯ ಮೇಲೆ ಕಿರುಚುತ್ತ ಹಾರುತ್ತಿತ್ತು, ಹಳದಿ ಕಾಲು ಜೋತುಬಿಟ್ಟುಕೊಂಡು. ನೆಲಕ್ಕೆ ಇಳಿಯದು, ದೂರ ಹೋಗದು. ನಾನು ಕಾಲು ನೋಡುತ್ತ ನಿಂತಿದ್ದೆ. ನಾರಾಯಣ ಆಳುಗಳನ್ನೆಲ್ಲ ನಿಲ್ಲಿಸಿ ನೆಲ ನೋಡಿದ. ನನ್ನ ಬೂಟಿನಿಂದ ಒಂದು ಗೇಣು ಆಚೆ ಕಲ್ಲುಗಳ ನಡುವೆ ಕಲ್ಲಿನ ಬಣ್ಣದ ನಾಲ್ಕು ಮೊಟ್ಟೆ.

"ಹೆಗಡೇರೆ, ಕಾಲು ಎತ್ತಬೇಡಿ. ಹಂಗೇ ಹಿಂದೆ ಸರೀರಿ" ಎಂದ. ಸುತ್ತ ಮುಳ್ಳು ಹಾಕಿ ಅಷ್ಟು ಜಾಗ ಬಿಟ್ಟು ಗುಂಡಿ ತೆಗೆಸಿದ. ಸಾಲು ಯಾಕೆ ಡೊಂಕಾಯಿತು ಎಂದು ಸಾಹೇಬರು ನನ್ನನ್ನು ಬೈದರು. ಬೈಸಿಕೊಂಡೆ. ಆ ದಿನ ನನಗೆ ಅವನ ಮೇಲೆ ತುಂಬ ಅಭಿಮಾನ ಬಂದಿತ್ತು, ಅದನ್ನು ಅವನಿಗೆ ಹೇಳಲಿಲ್ಲ.

ಒಂದು ದಿನ ಕಚೇರಿಗೆ ಮೂಗರ್ಜಿ ಬಂತು. ನಿಮ್ಮ ವಾಚರನೇ ಹಕ್ಕಿ ಹೊಡೆದು ತಿನ್ನುತ್ತಾನೆ ಎಂದು, ಸಹಿ ಇಲ್ಲದ ಕಾಗದ. ಹೊಸದಾಗಿ ಬಂದ ಸಾಹೇಬರು ಜೀಪು ತೆಗೆಸಿದರು. ಸಾಕ್ಷಿಗೆ ಇಬ್ಬರು ಪಂಚರು, ಸಾಹೇಬರು, ನಾನು. ಮಧ್ಯಾಹ್ನ ಊಟದ ಹೊತ್ತು. ನಾರಾಯಣನ ಹೆಂಡತಿ ದೇವಿ ಬಾಗಿಲಲ್ಲೇ ಇದ್ದಳು. ಜಗಲಿಯ ಮೂಲೆಯಲ್ಲಿ ಅವನ ತಾಯಿ ಮಲಗಿದ್ದಳು, ಬಾಯಿ ಒಂದು ಬದಿಗೆ ಎಳೆದಿತ್ತು. ಅಡುಗೆಮನೆಯಲ್ಲಿ ಒಂದು ತಟ್ಟೆಯ ತುಂಬ ಸುಟ್ಟು ಸ್ವಚ್ಛ ಮಾಡಿದ ನಾಲ್ಕು ಹಕ್ಕಿ. ತಲೆಯಿಲ್ಲ, ಪುಕ್ಕವಿಲ್ಲ. ಕಾಲು ಹಳದಿ.

"ಹೆಗಡೇರೆ, ಇದು ಕಾಡಿದ್ದಲ್ಲ" ಎಂದ ನಾರಾಯಣ. ಸಾಹೇಬರ ಕಡೆ ನೋಡದೆ ನನ್ನನ್ನೇ ನೋಡಿ ಹೇಳಿದ. "ಕಿರವತ್ತಿಯಿಂದ ನಮ್ಮ ಭಾವ ತಂದು ಕೊಟ್ಟದ್ದು, ಅವ ಸಾಕಿದ್ದು. ಅವ್ವಂಗೆ ಲಕ್ವ ಹೊಡದು ಒಂದು ಬದಿ ಬಿದ್ದೋಗದೆ. ಪಾರಿವಾಳದ ಸಾರು ಕುಡಿಸಿದ್ರೆ ಕೈಕಾಲು ಬತ್ತದೆ ಅಂತ ಎಲ್ಲರೂ ಹೇಳಿದ್ರು."

"ಸಾಕಿದ ಪಾರಿವಾಳದ ಕಾಲು ಯಾವ ಬಣ್ಣ ನಾರಾಯಣ?"

"ಕೆಂಪು."

"ಮತ್ತೆ ಇದು?"

"ಅರಿಶಿನ ಅಲ್ರಾ. ಸುಟ್ಟ ಮೇಲೆ ಹಚ್ಚೂದಲ್ದಾ?"

ಇಲ್ಲಿ ನಾನು ಒಂದು ವಿಷಯ ಒಪ್ಪಿಕೊಳ್ಳಬೇಕು. ಹಕ್ಕಿ ಸುಡುವುದು, ಅದಕ್ಕೆ ಅರಿಶಿನ ಹಚ್ಚುವುದು ನನಗೆ ಗೊತ್ತೇ ಇರಲಿಲ್ಲ. ನಮ್ಮ ಮನೆಯಲ್ಲಿ ಅರಿಶಿನ ತಂಬುಳಿಗೆ, ಹೊಸ್ತಿಲಿಗೆ, ದೇವರ ಪೀಠಕ್ಕೆ. ಅಷ್ಟು ವರ್ಷ ಆ ಜನರ ನಡುವೆ ತಿರುಗಿದರೂ ಅವರ ಅಡುಗೆಮನೆಯೊಳಗೆ ಒಮ್ಮೆಯೂ ಹೋದವನಲ್ಲ, ಕೇಳಿದವನೂ ಅಲ್ಲ. ಆದ್ದರಿಂದ ಅವನು ಹೇಳಿದ್ದು ನನಗೆ ಆ ಕ್ಷಣಕ್ಕೆ ಹುಟ್ಟಿಸಿದ ನೆವದಂತೆ ಕೇಳಿಸಿತು. ಜೊತೆಗೆ, ಅವನೇ ಹೀಗೆ ಮಾಡಿದನಲ್ಲ ಎಂಬ ಸಿಟ್ಟು.

ದೇವಿ ಒಳಗೆ ಹೋಗಿ ಒಂದು ಚೊಂಬು ನೀರು ತಂದಳು. "ತೊಳದು ನೋಡಿ. ಅಷ್ಟೇ ಅಲ್ದಾ, ತೊಳದು ನೋಡಿ" ಎಂದು ಚೊಂಬು ನನ್ನ ಮುಂದೆ ಹಿಡಿದಳು.

"ಸಾಕ್ಷ್ಯ ತೊಳೆಯಬಾರದು" ಎಂದೆ ನಾನು.

ಹೌದು, ಇದೇ ಮಾತು. ನಿಯಮ ಹಾಗೇ ಇದೆ, ನೀವೂ ಕಲಿಯುತ್ತೀರಿ. ನಾಲ್ಕು ಹಕ್ಕಿಯಲ್ಲಿ ಒಂದರ ಒಂದು ಕಾಲಿನ ತುದಿಗೆ ಎರಡು ಹನಿ ನೀರು ಬಿಟ್ಟು ಪಂಚನಾಮೆಯಲ್ಲಿ ಹಾಗೆಂದು ಬರೆದಿದ್ದರೆ ಯಾರ ತಲೆಯೂ ಹೋಗುತ್ತಿರಲಿಲ್ಲ. ಗೊಬ್ಬರಗುಂಡಿ ಕೆದಕಿ ಪುಕ್ಕ ಹುಡುಕಬಹುದಿತ್ತು. ಕಿರವತ್ತಿಗೆ ಒಬ್ಬನನ್ನು ಕಳಿಸಬಹುದಿತ್ತು. ಸಾಹೇಬರು, "ಏನು ಹೆಗಡೆ? ನಿಮಗೆ ಹಕ್ಕಿ ಗೊತ್ತಲ್ಲ" ಎಂದರು. "ಹಳದಿ ಕಾಲಿನ ಹಸಿರು ಪಾರಿವಾಳ ಸರ್, ಅನುಮಾನವೇ ಇಲ್ಲ" ಎಂದೆ. ಎರಡು ಬೆರಳಲ್ಲಿ ಒಂದೊಂದನ್ನೇ ಎತ್ತಿ ಚೀಲಕ್ಕೆ ಹಾಕಿದೆ. ಕೈ ಒರೆಸಿಕೊಳ್ಳಲು ಕರವಸ್ತ್ರ ಸಿಗದೆ ಅಂಗಿಗೇ ಒರೆಸಿಕೊಂಡೆ. ನಾವು ಜೀಪು ಹತ್ತುವಾಗ ದೇವಿ ಚೊಂಬು ಹಿಡಿದು ಹಾಗೇ ನಿಂತಿದ್ದಳು.

ಮರುದಿನ ಬೆಳಿಗ್ಗೆ ಸಾವಿತ್ರಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರದಿಂದ ಕೂಗಿದಳು. "ಇಲ್ಲಿ ನೋಡಿ, ನಿಮ್ಮ ಅಂಗಿಗೆ ಅರಿಶಿನ ತಾಗಿದ್ದು. ಸೋಪು ಹಾಕಿದ್ದೇ ಕೆಂಪಾತು. ಎಲ್ಲಿ ಊಟಕ್ಕೆ ಹೋಗಿದ್ರಿ?"

ಅಂಗಿಯ ಮೇಲೆ ನನ್ನ ಎರಡು ಬೆರಳಿನ ಗುರುತು, ಓಕುಳಿ ನೀರು ಚೆಲ್ಲಿದಂತೆ ಕೆಂಪು. ಹಕ್ಕಿಯ ಕಾಲಿನ ಬಣ್ಣ ಬೆರಳಿಗೆ ಹತ್ತುವುದಿಲ್ಲ, ಸೋಪು ಹಾಕಿದರೆ ಕೆಂಪಾಗುವುದೂ ಇಲ್ಲ. ಎಲ್ಲಿ ಊಟಕ್ಕೆ ಹೋಗಿದ್ದೆ ಎಂದು ನಾನು ಹೇಳಲಿಲ್ಲ. ಒದ್ದೆ ಅಂಗಿಯನ್ನು ಹಿಂಡಿ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ತಪ್ಪಾಗಿದೆ ಎಂದು ಸಾಹೇಬರಿಗೆ ಹೇಳಿಬಿಡುವುದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ.

ಕಚೇರಿಯಲ್ಲಿ ಎಲ್ಲರೂ ಸೇರಿದ್ದರು. ಸಾಹೇಬರು ನನ್ನ ವರದಿ ಓದಿ ಹೇಳುತ್ತಿದ್ದರು. "ನೋಡಿ, ಕೆಲಸ ಅಂದರೆ ಇದು. ಪುಕ್ಕ ಇಲ್ಲ, ತಲೆ ಇಲ್ಲ, ಬರೀ ಕಾಲಿನಿಂದ ಜಾತಿ ಹಿಡಿದಿದ್ದಾರೆ." ಒಬ್ಬ ಗುಮಾಸ್ತ ಎದ್ದು ನನಗೆ ಕುರ್ಚಿ ಕೊಟ್ಟ. ಕೂತೆ. ತೊಡೆಯ ಮೇಲಿನ ಚೀಲದಿಂದ ನೀರು ಇಳಿದು ಪ್ಯಾಂಟು ಒದ್ದೆಯಾಗುತ್ತಿತ್ತು. ಅರ್ಧ ಗಂಟೆ ಹಾಗೇ ಕೂತಿದ್ದೆ. ಚೀಲ ಬಿಚ್ಚಲಿಲ್ಲ.

ಹೊರಗೆ ಜಗಲಿಯಲ್ಲಿ ನಾರಾಯಣ ಹೇಳಿಕೆ ಕೊಡಲು ಕಾಯುತ್ತಿದ್ದ. ಅವನ ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ. "ಒಪ್ಪಿಕೊಂಡುಬಿಡು ನಾರಾಯಣ. ದೊಡ್ಡದು ಮಾಡೋದಿಲ್ಲ, ಇಲ್ಲೇ ಮುಗಿಸ್ತಾರೆ."

"ನೀವು ಹೇಳ್ತೀರಾ ಒಪ್ಕಾ ಅಂತ?"

"ಹೌದು."

ಸ್ವಲ್ಪ ಹೊತ್ತು ನನ್ನ ಮುಖ ನೋಡಿದ. ಒಳಗೆ ಹೋಗಿ ಸಹಿ ಹಾಕಿದ.

ನನಗೆ ಗೊತ್ತಿರಲಿಲ್ಲ ಎನ್ನುವ ಮಾತು ಹಿಂದಿನ ಮಧ್ಯಾಹ್ನಕ್ಕೆ ಸಲ್ಲುತ್ತದೆ. ಜಗಲಿಯಲ್ಲಿ ಆ ಮಾತು ಹೇಳುವಾಗ ನನಗೆ ಎಲ್ಲ ಗೊತ್ತಿತ್ತು. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತಿದೆ, ಎರಡು ಸಲ ಎದ್ದು ಹೋಗಿ ಮತ್ತೆ ಬಂದು ಕೂತಿದ್ದೇನೆ.

ಅವನನ್ನು ಕೆಲಸದಿಂದ ತೆಗೆದರು. ಆ ಮಳೆಗಾಲ ಮುಗಿಯುವ ಮೊದಲೇ ಅವನ ತಾಯಿ ತೀರಿಕೊಂಡಳು. ಕೆಲವು ವರ್ಷದ ಮೇಲೆ ಹಳೆಯ ವಾಚರುಗಳನ್ನು ಕಾಯಂ ಮಾಡಿದಾಗ ಅವನ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಇರುವುದು ಸಾಧ್ಯವೂ ಇರಲಿಲ್ಲ, ಅವನ ಮೇಲೆ ಪ್ರಕರಣ ಇತ್ತಲ್ಲ. ನಾನು ಮಾತ್ರ ಆ ಕತೆಯನ್ನು ಯಲ್ಲಾಪುರದ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ, ಸಿದ್ದಾಪುರಕ್ಕೆ ವರ್ಗವಾದ ಮೇಲೆ ಅಲ್ಲಿ, ಶಿರಸಿಯಲ್ಲಿ ನನ್ನ ಬೀಳ್ಕೊಡುಗೆಯ ದಿನ, ಹೋದಲ್ಲೆಲ್ಲ ಹೇಳಿದೆ. ಹೇಳಿ ಹೇಳಿ ನನಗೇ ನಿಜ ಅನ್ನಿಸತೊಡಗಿತ್ತು. ಬನವಾಸಿಯ ಆ ಹುಡುಗಿ ಎದ್ದು ನಿಲ್ಲದಿದ್ದರೆ ಹಾಗೇ ಸಾಯುತ್ತಿದ್ದೆ.

ಈಗ ಕೆಲಸದ ರೀತಿ ಬದಲಾಗಿದೆ. ಮೊಬೈಲಿನಲ್ಲಿ ಫೋಟೋ, ಜಾಗದ ಗುರುತು ಎಲ್ಲ ಆಗಿಂದಾಗ ಹೋಗುತ್ತದೆ, ಮಾಂಸದ ಚೂರು ಲ್ಯಾಬಿಗೆ ಹೋಗುತ್ತದೆ. ಒಳ್ಳೆಯದೇ. ಆದರೆ ಲ್ಯಾಬಿಗೆ ಏನು ಕಳಿಸಬೇಕು, ಏನು ಬೇಡ ಎಂದು ಆರಿಸುವವರು ನೀವೇ. ಎದುರಿಗೆ ನಿಂತವನು ಹೇಳಿದ್ದನ್ನು ಬರೆದುಕೊಳ್ಳುವವರೂ ನೀವೇ.

ಮೊನ್ನೆ ಮಾಗೋಡಿಗೆ ಹೋದೆ. ನಡೆದದ್ದನ್ನೆಲ್ಲ ಎರಡು ಹಾಳೆಯಲ್ಲಿ ಬರೆದು, ಸಹಿ ಮಾಡಿ ಒಯ್ದಿದ್ದೆ. ನಾರಾಯಣ ಅಂಗಳದಲ್ಲಿ ಕೂತು ಬೇಲಿಗೆ ಬಿದಿರು ಸೀಳುತ್ತಿದ್ದ. ತಲೆ ಪೂರ್ತಿ ಬೆಳ್ಳಗಾಗಿದೆ. "ಬನ್ನಿ" ಎಂದ, ಕೆಲಸ ನಿಲ್ಲಿಸಲಿಲ್ಲ. ನಮ್ಮ ಕಡೆ ಮನೆಗೆ ಬಂದವರ ಕೈಗೆ ಮೊದಲು ನೀರು ಕೊಡುತ್ತಾರೆ, ಹಗೆಯವನಾದರೂ ಸರಿ. ದೇವಿ ಬಾಗಿಲವರೆಗೆ ಬಂದು ನೋಡಿ ಒಳಗೆ ಹೋದಳು. ನೀರು ಬರಲಿಲ್ಲ.

ನಿಂತೇ ಓದಿದೆ. ಅಂಗಿಯ ಕಲೆಯ ಭಾಗ ಬಂದಾಗ ಅವನ ಕತ್ತಿ ನಿಂತಿತು.

"ಮಾರನೇ ದಿನಾನೇ ಗೊತ್ತಾಗಿತ್ತಾ?"

"ಗೊತ್ತಾಗಿತ್ತು."

"ಒಪ್ಕಾ ಅಂದ್ರಲ್ಲ ಜಗಲಿಲಿ, ಅದು ಗೊತ್ತಾದ ಮೇಲಾ, ಮೊದಲಾ?"

"ಮೇಲೆ."

ಅವನು ಕತ್ತಿ ಕೆಳಗಿಟ್ಟ. "ಇದನ್ನ ವಲಯ ಕಚೇರಿಗೆ ಕೊಡ್ತೇನೆ" ಎಂದೆ.

"ಕೊಡಿ. ಅಲ್ಲಿ ನನ್ನ ಗುರ್ತು ಇದ್ದವ್ರು ಯಾರೂ ಉಳೀಲಿಲ್ಲ. ನೀವು ಈ ಕತೆ ಹೇಳ್ತಾ ತಿರುಗಿದ್ರಿ ಅಲ್ರಾ, ನನ್ನ ಹೆಸರು ಹಿಡಿದೇ ಹೇಳಿದ್ರಾ?"

"ಹೌದು."

"ಹಂಗಾರೆ ಅಲ್ಲೆಲ್ಲ ಹೋಗಿ ಹೆಸರು ಹಿಡಿದೇ ಹೇಳಿ. ನಾರಾಯಣ ಗೌಡ ತಿಂದಿದ್ದು ಸಾಕಿದ ಪಾರಿವಾಳ ಅಂತ." ಕತ್ತಿ ಕೈಗೆತ್ತಿಕೊಂಡ. "ತಿಂದಿದ್ದೂ ಅಲ್ಲ. ಅವ್ವನ ಬಾಯಿಗೆ ಒಂದು ಚಮಚ ಸಾರು ಹಾಕೂಕೂ ನೀವು ಬಿಡಲಿಲ್ಲ. ಅದನ್ನೂ ಹೇಳಿ."

ಅದಕ್ಕೇ ಇದನ್ನು ಬರೆದದ್ದು. ತರಬೇತಿ ಮುಗಿಯುವ ಮೊದಲು ಅದೇ ಸಭೆಯಲ್ಲಿ, ಆ ಹುಡುಗಿಯ ಎದುರಿಗೆ, ಇಷ್ಟನ್ನೂ ಓದಲು ಅನುಮತಿ ಕೇಳಿದ್ದೇನೆ. ಕೊಟ್ಟಿದ್ದಾರೆ. ಶಾಲು ಬೇಡ ಎಂದು ಹೇಳಿದ್ದೇನೆ.

ಅವತ್ತು ನಾರಾಯಣನ ಅಂಗಳದಿಂದ ಹೊರಟು ದಣಪೆ ದಾಟುವಷ್ಟರಲ್ಲಿ ಹಿಂದಿನಿಂದ ದೇವಿಯ ದನಿ ಕೇಳಿಸಿತು. ತಿರುಗಿ ನೋಡಿದೆ. ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು ಅನ್ನಿಸುತ್ತದೆ. ಮೆಟ್ಟಿಲ ಮೇಲೆ ಒಂದು ಚೊಂಬು ನೀರು ಇಟ್ಟು ನಿಂತಿದ್ದಳು.

"ಅವತ್ತು ತಂದ ನೀರು ಹಂಗೇ ಒಳಗೆ ತಗಂಡು ಹೋಗಿದ್ದೆ" ಎಂದಳು. "ಇವತ್ತಾದ್ರೂ ಕೈ ತೊಳಕಂಡು ಹೋಗಿ."

ವಾಪಸು ಬಂದು, ಬಗ್ಗಿ, ಚೊಂಬು ಎತ್ತಿಕೊಂಡು ಕೈ ತೊಳೆದೆ.